ದಾರಿ ನಡೆದವನು, ದಾರಿಖರ್ಚು ಕೊಟ್ಟವರು

1776ರಲ್ಲಿ ಹುಟ್ಟಿದ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ 2026ಕ್ಕೆ 250 ತುಂಬುತ್ತದೆ. ದೇಶಗಳು ಹುಟ್ಟುಹಬ್ಬ ಆಚರಿಸಿಕೊಳ್ಳುವಾಗ ಹಳೆಯ ಚಿತ್ರಗಳನ್ನು ಅಟ್ಟದಿಂದ ಇಳಿಸಿ ಧೂಳು ಒರೆಸುವುದು ವಾಡಿಕೆ. ಹಾಗೆ ಇಳಿಸಿದ ಚಿತ್ರಗಳಲ್ಲಿ ಆ ದೇಶದ ಪಶ್ಚಿಮ ಭಾಗದ ಹಿಮಬೆಟ್ಟವೋ, ಪಾತಾಳಕ್ಕಿಳಿದ ಕಣಿವೆಯೋ, ಆವಿ ಚಿಮ್ಮುವ ಬಿಸಿನೀರ ಬುಗ್ಗೆಯೋ ಇದ್ದರೆ ಅದರ ಹಿಂದೆ ವಿಲಿಯಂ ಹೆನ್ರಿ ಜಾಕ್ಸನ್ ಎಂಬ ಹೆಸರು ಇರುವ ಸಂಭವ ಬಹಳ. 1843ರ ಏಪ್ರಿಲ್ 4ರಂದು ನ್ಯೂಯಾರ್ಕ್ ರಾಜ್ಯದ ಕೀಸ್‌ವಿಲ್ ಎಂಬ ಊರಿನಲ್ಲಿ ಹುಟ್ಟಿ, 1942ರ ಜೂನ್ 30ರಂದು ನ್ಯೂಯಾರ್ಕ್ ನಗರದಲ್ಲಿ ಕಣ್ಣು ಮುಚ್ಚಿದ ಈತ ಆ 250 ವರ್ಷಗಳಲ್ಲಿ 99 ವರ್ಷಗಳನ್ನು ಖುದ್ದಾಗಿ ಕಂಡವನು. ಆತ ಹುಟ್ಟಿದಾಗ ಛಾಯಾಚಿತ್ರ ಕಲೆ ಜಗತ್ತಿಗೆ ಪ್ರಕಟವಾಗಿ ನಾಲ್ಕೇ ವರ್ಷವಾಗಿತ್ತು. ತೀರಿಕೊಂಡಾಗ ಬಣ್ಣದ ಫಿಲ್ಮಿನ ಸುರುಳಿ ಅಂಗಡಿಯಲ್ಲಿ ಸಿಗುತ್ತಿತ್ತು. ನಮ್ಮಲ್ಲಿ ಅನೇಕರು ಅಮೆರಿಕದ ಪಶ್ಚಿಮವನ್ನು ಮೊದಲು ಕಂಡದ್ದು ಟಾಕೀಸಿನ ಕೌಬಾಯ್ ಸಿನಿಮಾಗಳಲ್ಲಿ, ಕಿರಾಣಿ ಅಂಗಡಿಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರುಗಳಲ್ಲಿ. ಆ ನೋಟದ ಮೂಲಪ್ರತಿ ಎಲ್ಲಿಯದು ಎಂದು ಹಿಂದಕ್ಕೆ ಹುಡುಕುತ್ತ ಹೋದರೆ ಹೇಸರಗತ್ತೆಯ ಮೇಲೆ ಗಾಜಿನ ಫಲಕಗಳ ಪೆಟ್ಟಿಗೆ ಹೇರಿಕೊಂಡು ಹೊರಟ ಈ ಮನುಷ್ಯನ ಹತ್ತಿರ ಬಂದು ನಿಲ್ಲುತ್ತೇವೆ. ಆತನ ಸಾಹಸದ ಕಥೆಯನ್ನು ಅಮೆರಿಕನ್ನರು ಸಾಕಷ್ಟು ಸಲ ಹೇಳಿಕೊಂಡಿದ್ದಾರೆ. ದಾರಿಖರ್ಚಿನ ಲೆಕ್ಕವನ್ನು ಅಷ್ಟು ಗಮನವಿಟ್ಟು ನೋಡಿದ್ದು ಕಡಿಮೆ. ಜಾಕ್ಸನ್‌ನ ಒಂದೊಂದು ಪ್ರಯಾಣಕ್ಕೂ ಹಣ ಕೊಟ್ಟವರು ಬೇರೆ ಬೇರೆ, ಅವರಿಗೆ ಬೇಕಾಗಿದ್ದ ಚಿತ್ರಗಳೂ ಬೇರೆ ಬೇರೆ.

ಜಾಕ್ಸನ್‌ಗೆ ಚಿತ್ರ ಬರೆಯುವುದನ್ನು ಕಲಿಸಿದ್ದು ತಾಯಿ. ಜಲವರ್ಣದಲ್ಲಿ ಆಕೆಯ ಕೈ ಪಳಗಿತ್ತು. ಹದಿನೈದರ ಹೊತ್ತಿಗೆ ಮಗ ಟ್ರಾಯ್ ನಗರದ ಸ್ಟುಡಿಯೊ ಒಂದರಲ್ಲಿ ಫೋಟೋಗಳ ಕಲೆ ಅಳಿಸಿ ಬಣ್ಣ ತುಂಬುವ ಕೆಲಸಕ್ಕೆ ಸೇರಿದ್ದ. ಮುಂದೆ ಬಂದ ಅಂತರ್ಯುದ್ಧದಲ್ಲಿ ವರ್ಮಾಂಟ್ ರಾಜ್ಯದ ಕಾಲಾಳು ಪಡೆಯಲ್ಲಿ ಒಂಬತ್ತು ತಿಂಗಳ ಸೇವೆ ಮಾಡಿದ. ಗೆಟಿಸ್‌ಬರ್ಗ್‌ನಲ್ಲಿ ಆ ಯುದ್ಧದ ಘೋರ ಕಾಳಗ ನಡೆಯುತ್ತಿದ್ದಾಗ ಆತನ ತುಕಡಿಗೆ ಒಪ್ಪಿಸಿದ್ದು ಸಾಮಾನಿನ ಬಂಡಿಗಳನ್ನು ಕಾಯುವ ಕೆಲಸ. ಊರಿಗೆ ಮರಳಿ ಮತ್ತೆ ಸ್ಟುಡಿಯೊ ಸೇರಿದ, ಮದುವೆ ನಿಶ್ಚಯವಾಯಿತು, 1866ರಲ್ಲಿ ಅದು ಮುರಿದುಬಿತ್ತು. ಆ ಕಾಲದ ಅಮೆರಿಕದಲ್ಲಿ ಮನಸ್ಸು ಮುರಿದ ಹುಡುಗರಿಗೆಲ್ಲ ಒಂದೇ ದಿಕ್ಕು, ಪಶ್ಚಿಮ. ಜಾಕ್ಸನ್ ನೆಬ್ರಾಸ್ಕ ಸಿಟಿಯಲ್ಲಿ ಸರಕಿನ ಬಂಡಿಗಳ ಸಾಲಿಗೆ ಎತ್ತು ಹೊಡೆಯುವ ಆಳಾಗಿ ಸೇರಿ ಬಯಲು ದಾಟಿ ಸಾಲ್ಟ್ ಲೇಕ್ ಸಿಟಿ ಮುಟ್ಟಿದ, ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ, ಮರಳುವಾಗ ಕುದುರೆಗಳ ಹಿಂಡು ಹೊಡೆದುಕೊಂಡು ಬಂದ. ಈ ಒಂದು ಪ್ರಯಾಣದ ಖರ್ಚು ಮಾತ್ರ ಆತನ ಸ್ವಂತ ಮೈಬೆವರಿನದು. ವಿಚಿತ್ರವೆಂದರೆ ಆಗ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಇದ್ದದ್ದು ರೇಖಾಚಿತ್ರ ಬರೆಯುವ ಪುಸ್ತಕ.

1867ರಲ್ಲಿ ಒಮಾಹ ನಗರದಲ್ಲಿ ತಮ್ಮನ ಜೊತೆ ಸ್ಟುಡಿಯೊ ತೆರೆದ. ಮುಖ ತೋರಿಸಿ ಕುಳಿತುಕೊಳ್ಳುವ ಗಿರಾಕಿಗಳನ್ನು ತಮ್ಮನಿಗೆ ಬಿಟ್ಟು, ತಾನು ಕುದುರೆಗಾಡಿಯನ್ನೇ ಕತ್ತಲೆಕೋಣೆ ಮಾಡಿಕೊಂಡು ಸುತ್ತಲಿನ ಪಾನಿ, ಓಟೊ, ಒಮಾಹ, ಪೊಂಕ, ವಿನ್ನೆಬಾಗೊ ಜನರ ಬೀಡುಗಳಿಗೆ ಹೋಗಿಬರತೊಡಗಿದ. 1869ರ ಮೇ 10ರಂದು ಪೂರ್ವ ಪಶ್ಚಿಮಗಳ ರೈಲುಹಳಿಗಳು ಯೂಟಾದ ಪ್ರೊಮಾಂಟರಿಯಲ್ಲಿ ಕೂಡಿದವು. ಆ ಬೇಸಿಗೆಯಲ್ಲೇ ಜಾಕ್ಸನ್ ಯೂನಿಯನ್ ಪೆಸಿಫಿಕ್ ರೈಲುಮಾರ್ಗದ ಉದ್ದಕ್ಕೂ ಚಿತ್ರ ತೆಗೆಯಲು ಹೊರಟ. ಎರಡು ಚಿತ್ರಗಳನ್ನು ಪಕ್ಕಪಕ್ಕ ಅಂಟಿಸಿ, ಮಸೂರದ ಪೆಟ್ಟಿಗೆಯಲ್ಲಿ ಎರಡೂ ಕಣ್ಣಿಟ್ಟು ನೋಡಿದರೆ ಬೆಟ್ಟಗಳು ಎದ್ದು ನಿಂತಂತೆ ಕಾಣುವ ಸ್ಟೀರಿಯೊ ಕಾರ್ಡುಗಳ ಕಾಲ ಅದು. ಪೂರ್ವದ ಮನೆಗಳ ನಡುಮನೆಯಲ್ಲಿ ಅವುಗಳಿಗೆ ತೀರದ ಹಸಿವಿತ್ತು. ಹಳಿ ಹಾಕಿದ ಕಂಪನಿಗಳಿಗೆ ಆ ಹಸಿವನ್ನು ಟಿಕೆಟ್ಟಾಗಿಸುವ ಆತುರವಿತ್ತು. ಜಾಕ್ಸನ್ ತನ್ನ ವೃತ್ತಿಯ ಮೊದಲ ಪಾಠವನ್ನು ಕಲಿತದ್ದು ಇಲ್ಲಿ. ಚಿತ್ರ ಮೊದಲು ಹೋಗುತ್ತದೆ, ಜನ ಅದರ ಬೆನ್ನು ಹಿಡಿದು ಬರುತ್ತಾರೆ.

1870ರಲ್ಲಿ ಭೂವಿಜ್ಞಾನಿ ಫರ್ಡಿನೆಂಡ್ ಹೇಡನ್ ತನ್ನ ಸರ್ಕಾರಿ ಸರ್ವೆ ತಂಡಕ್ಕೆ ಜಾಕ್ಸನ್‌ನನ್ನು ಕರೆದ. ಮೊದಲ ವರ್ಷ ಸಂಬಳವಿಲ್ಲ, ಖರ್ಚು ಮಾತ್ರ, ನೆಗೆಟಿವ್‌ಗಳ ಮೇಲೆ ಒಂದಿಷ್ಟು ಹಕ್ಕು. ಜಾಕ್ಸನ್ ಒಪ್ಪಿದ. ಅಲ್ಲಿಂದ 1878ರವರೆಗಿನ ವರ್ಷಗಳೇ ಆತನನ್ನು ಜಾಕ್ಸನ್ ಮಾಡಿದವು. ಆಗಿನ ಚಿತ್ರ ತೆಗೆಯುವ ಕ್ರಮವನ್ನು ಇಲ್ಲಿ ತುಸು ನಿಧಾನವಾಗಿ ನೋಡಬೇಕು, ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಶುಭ್ರವಾಗಿ ಒರೆಸಿದ ಗಾಜಿನ ಫಲಕದ ಮೇಲೆ ಅಂಟಾದ ಕೊಲೋಡಿಯನ್ ಸುರಿದು, ಫಲಕವನ್ನು ನಾಲ್ಕು ಮೂಲೆಗೂ ಬಾಗಿಸಿ, ಒಂದೇ ಸಮನೆ ಹರಡಬೇಕು. ಪುಟ್ಟ ಗುಡಾರದ ಕತ್ತಲೆಯಲ್ಲಿ ಅದನ್ನು ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ ತೆಗೆದು, ಒದ್ದೆ ಆರುವ ಮೊದಲೇ ಕ್ಯಾಮೆರಾಕ್ಕೆ ಸೇರಿಸಿ ಬೆಳಕು ಕಾಣಿಸಬೇಕು. ಮತ್ತೆ ಗುಡಾರಕ್ಕೆ ಓಡಿ ಚಿತ್ರ ಬರಿಸಬೇಕು, ನಿಲ್ಲಿಸಬೇಕು, ತೊಳೆಯಬೇಕು, ಒಣಗಿಸಿ ವಾರ್ನಿಷ್ ಬಳಿಯಬೇಕು. ಇದೆಲ್ಲ ನಡೆಯಬೇಕಾದ್ದು ಬೆಟ್ಟದ ನೆತ್ತಿಯಲ್ಲಿ, ಗಾಳಿಯಲ್ಲಿ, ಸೊಳ್ಳೆಗಳ ನಡುವೆ. ತುರ್ತು ಬಿದ್ದರೆ ಹೇಸರಗತ್ತೆಯ ಹಗ್ಗ ಬಿಚ್ಚುವುದರಿಂದ ಹಿಡಿದು ಮತ್ತೆ ಹೊರೆ ಕಟ್ಟುವವರೆಗೆ ಕಾಲು ಗಂಟೆಯಲ್ಲಿ ಒಂದು ನೆಗೆಟಿವ್ ಮುಗಿಸುತ್ತಿದ್ದುದಾಗಿ, ದಿನವೊಂದಕ್ಕೆ ತಾನು ತೆಗೆದ ಒಳ್ಳೆಯ ನೆಗೆಟಿವ್‌ಗಳ ಗರಿಷ್ಠ ಸಂಖ್ಯೆ 32 ಎಂದು ಆತ ಬರೆದುಕೊಂಡಿದ್ದಾನೆ. ಈ ಸಾಮಗ್ರಿ ಹೊತ್ತ ಹೇಸರಗತ್ತೆಯ ಹೆಸರು ಹೈಪೊ, ಚಿತ್ರವನ್ನು ನಿಲ್ಲಿಸುವ ರಸಾಯನದ ಹೆಸರೇ ಅದಕ್ಕೂ. ಹಳೆಯ ಸ್ಟುಡಿಯೊಗಳ ಡಾರ್ಕ್ ರೂಮಿನಲ್ಲಿ ಕೈ ಅದ್ದಿದ ನಮ್ಮವರಿಗೆ ಆ ಹೆಸರಿನ ತಮಾಷೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಪ್ರಾಣಿ, ಗಿಮ್ಲೆಟ್ ಎಂಬುದು, 1873ರಲ್ಲಿ ಹೊರೆ ಕೆಡವಿ ಫಲಕಗಳನ್ನು ಪುಡಿ ಮಾಡಿತು. ಜಾಕ್ಸನ್ ಬಂದ ದಾರಿಯಲ್ಲೇ ಹಿಂದಿರುಗಿ, ಕಳೆದುಹೋದ ಚಿತ್ರಗಳಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನು ಮತ್ತೆ ತೆಗೆದ.

1871ರ ಬೇಸಿಗೆಯಲ್ಲಿ ಹೇಡನ್ ತಂಡ ಯೆಲ್ಲೋಸ್ಟೋನ್ ನದಿಯ ಮೇಲ್ಭಾಗಕ್ಕೆ ಹೋಯಿತು. ಕುದಿಯುವ ಕೆಸರಿನ, ಆಕಾಶಕ್ಕೆ ಚಿಮ್ಮುವ ನೀರಿನ ಸುದ್ದಿಯನ್ನು ಬೇಟೆಗಾರರು ದಶಕಗಳಿಂದ ಹೇಳುತ್ತ ಬಂದಿದ್ದರೂ ಪೂರ್ವದವರು ಅದನ್ನು ಹರಟೆಯೆಂದೇ ನಕ್ಕು ಬಿಟ್ಟಿದ್ದರು. ಸಂಸತ್ತು ಈ ತಂಡಕ್ಕೆ 40,000 ಡಾಲರ್ ಮಂಜೂರು ಮಾಡಿತ್ತು. ಜೊತೆಗೆ ಥಾಮಸ್ ಮೊರಾನ್ ಎಂಬ ಬಡಕಲು ದೇಹದ ಚಿತ್ರಕಾರನೂ ಸೇರಿಕೊಂಡ. ಆತನ ಖರ್ಚಿನ ಒಂದು ಪಾಲು ನಾರ್ದರ್ನ್ ಪೆಸಿಫಿಕ್ ರೈಲ್ವೆಯ ಹಣಕಾಸು ನೋಡಿಕೊಳ್ಳುತ್ತಿದ್ದ ಜೇ ಕುಕ್‌ನ ಕಡೆಯಿಂದ ಬಂದದ್ದು. ಮೊರಾನ್ ಮತ್ತು ಜಾಕ್ಸನ್ ಜೋಡಿಯಾಗಿ ಅಲೆದರು. ಯಾವ ಕಡೆಯಿಂದ ನೋಡಿದರೆ ಕಣಿವೆ ಸೊಗಸು ಎಂದು ಒಬ್ಬ ಹೇಳಿದರೆ ಇನ್ನೊಬ್ಬ ಅಲ್ಲಿ ಮುಕ್ಕಾಲಿ ಊರುತ್ತಿದ್ದ. ಮ್ಯಾಮತ್ ಬಿಸಿನೀರ ಬುಗ್ಗೆಗಳ ಸುಣ್ಣದ ಮೆಟ್ಟಿಲುಗಳ ಮೇಲೆ ಮೊರಾನ್ ನಿಂತಿರುವ ಚಿತ್ರ ಇವತ್ತಿಗೂ ಪುಸ್ತಕಗಳಲ್ಲಿ ಅಚ್ಚಾಗುತ್ತದೆ. ಅಲ್ಲಿ ಬುಗ್ಗೆಯ ಬಿಸಿನೀರೇ ಫಲಕ ತೊಳೆಯುವುದಕ್ಕೆ ಒದಗಿತು, ಗಾಜು ಬೇಗ ಒಣಗಿತು. ಚಳಿಗಾಲದಲ್ಲಿ ಆ ಚಿತ್ರಗಳು ವಾಷಿಂಗ್ಟನ್ ತಲುಪಿ ಸಂಸದರ ಕೈಯಿಂದ ಕೈಗೆ ಓಡಾಡಿದವು. 1872ರ ಮಾರ್ಚ್ 1ರಂದು ಅಧ್ಯಕ್ಷ ಗ್ರಾಂಟ್ ಸಹಿ ಹಾಕಿದರು. 20 ಲಕ್ಷ ಎಕರೆಗೂ ಮಿಕ್ಕ ಭೂಮಿ ಮಾರಾಟಕ್ಕಿಲ್ಲದ ಸಾರ್ವಜನಿಕ ಉದ್ಯಾನವಾಯಿತು. ಅದೇ ವರ್ಷ ಮೊರಾನ್‌ನ ಯೆಲ್ಲೋಸ್ಟೋನ್ ಕಣಿವೆಯ ಭಾರಿ ತೈಲಚಿತ್ರವನ್ನು ಸಂಸತ್ತು 10,000 ಡಾಲರ್‌ಗೆ ಕೊಂಡುಕೊಂಡಿತು.

ಫೋಟೋಗಳೇ ಕಾನೂನು ಮಾಡಿಸಿದವು ಎಂಬ ಮಾತು ಜಾಕ್ಸನ್‌ನ ಜೀವನಚರಿತ್ರೆಗಳಲ್ಲಿ ಮಂತ್ರದಂತೆ ಮತ್ತೆ ಮತ್ತೆ ಬರುತ್ತದೆ. ಅದು ಪೂರ್ತಿ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. 1871ರ ಅಕ್ಟೋಬರಿನಲ್ಲೇ ಜೇ ಕುಕ್‌ನ ಕಚೇರಿಯಿಂದ ಹೇಡನ್‌ಗೆ ಒಂದು ಪತ್ರ ಬಂದಿತ್ತು. ಬಿಸಿನೀರ ಚಿಲುಮೆಗಳ ಆ ಪ್ರದೇಶವನ್ನು ಸಾರ್ವಜನಿಕ ಉದ್ಯಾನವಾಗಿ ಕಾದಿರಿಸುವಂತೆ ನಿಮ್ಮ ವರದಿಯಲ್ಲಿ ಶಿಫಾರಸು ಮಾಡಬಾರದೇಕೆ ಎಂಬುದು ಅದರ ಸಾರ. ಹಳಿ ಆ ಕಡೆಗೆ ಹೋಗಲಿತ್ತು. ಪ್ರಯಾಣಿಕರಿಗೆ ಇಳಿಯಲು ಒಂದು ಜಾಗ ಬೇಕಿತ್ತು. ಲಾಭದ ಲೆಕ್ಕ ಮತ್ತು ಭೂಮಿಯ ರಕ್ಷಣೆ ಒಂದೇ ಬಂಡಿಯಲ್ಲಿ ಕುಳಿತು ಊರು ಸೇರಿದ ಅಪರೂಪದ ಪ್ರಸಂಗ ಅದು. ಹಾಗಾಗಿ ಅದನ್ನು ಹೀಗಳೆಯಲು ನಮಗೆ ಮನಸ್ಸಿಲ್ಲ. ಗಣಿಯವರ, ಬೇಲಿ ಹಾಕುವವರ ಪಾಲಾಗದೆ ಅಷ್ಟು ವಿಸ್ತಾರವಾದ ಕಾಡು ಉಳಿದದ್ದು ಸಣ್ಣ ಲಾಭವಲ್ಲ. ಆದರೆ ಚಿತ್ರಗಳು ಕೊಟ್ಟ ಮಾತು ಇನ್ನೊಂದಿತ್ತು. ಇದು ಯಾರೂ ಕಾಲಿಡದ ನೆಲ ಎಂಬುದು ಆ ಮಾತು. ಕಣಿವೆಯ ಅಂಚಿನಲ್ಲಿ ಅಳತೆಗೆಂದು ನಿಲ್ಲಿಸಿದ ತಂಡದ ಒಬ್ಬ ಮನುಷ್ಯನನ್ನು ಬಿಟ್ಟರೆ ಆ ಚೌಕಟ್ಟುಗಳಲ್ಲಿ ನರಪಿಳ್ಳೆ ಇಲ್ಲ. ವಾಸ್ತವದಲ್ಲಿ ಶೋಶೋನಿ ಜನಾಂಗದ ಟುಕುಡಿಕರು, ಅಂದರೆ ಕಾಡುಕುರಿ ಬೇಟೆಯಾಡಿ ಬದುಕುತ್ತಿದ್ದವರು, ಅಲ್ಲಿ ತಲೆತಲಾಂತರದಿಂದ ಇದ್ದರು. ಕ್ರೋ, ಬ್ಲ್ಯಾಕ್‌ಫೀಟ್, ಬ್ಯಾನಕ್, ನೆಜ್ ಪರ್ಸ್ ಜನರ ಹಾದಿಗಳು ಆ ಬೆಟ್ಟಗಳನ್ನು ಹಾಯ್ದಿದ್ದವು. ಉದ್ಯಾನ ಘೋಷಣೆಯಾಗಿ ಐದು ವರ್ಷಕ್ಕೆ, 1877ರಲ್ಲಿ, ಸೈನ್ಯದಿಂದ ತಪ್ಪಿಸಿಕೊಂಡು ಓಡುತ್ತಿದ್ದ ನೆಜ್ ಪರ್ಸ್ ಕುಟುಂಬಗಳು ಅದರ ನಡುವೆಯೇ ಹಾದುಹೋದವು. ಅದಾದ ಮೇಲೆ ಮೂಲನಿವಾಸಿಗಳು ಪಾರ್ಕಿನೊಳಗೆ ಇರಕೂಡದು ಎಂಬುದೇ ಆಡಳಿತದ ನಿಲುವಾಯಿತು. ಪ್ರವಾಸಿಗರಿಗೆ ಅಂಜಿಕೆಯಾಗದಿರಲೆಂದು, ಮೂಲನಿವಾಸಿಗಳು ಈ ಬುಗ್ಗೆಗಳ ಭಯದಿಂದ ಇತ್ತ ಸುಳಿಯುತ್ತಿರಲಿಲ್ಲ ಎಂಬ ಕಥೆಯೂ ಹುಟ್ಟಿಕೊಂಡಿತು.

ಯೆಲ್ಲೋಸ್ಟೋನ್ ಕಾನೂನಾದ ವರ್ಷವೇ ಜಾಕ್ಸನ್‌ನ ಮನೆ ಬರಿದಾಯಿತು. ಹೆಂಡತಿ ಮೋಲಿ ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಮುಂದಿನ ವರ್ಷ ಎಮಿಲಿ ಪೇಂಟರ್‌ಳನ್ನು ಮದುವೆಯಾದ. 1873ರ ಆಗಸ್ಟಿನಲ್ಲಿ ಆತ ಕೊಲರಾಡೊದಲ್ಲಿದ್ದ. ಹೋಲಿ ಕ್ರಾಸ್ ಎಂಬ ಬೆಟ್ಟದ ಎದೆಯ ಮೇಲೆ, ಸುಮಾರು 1,400 ಅಡಿ ಉದ್ದದ ಕೊರಕಲಿನಲ್ಲೂ ಅದನ್ನು ಅಡ್ಡ ಹಾಯುವ ಬಂಡೆಯ ಅಂಚಿನಲ್ಲೂ ಹಿಮ ನಿಂತು ಶಿಲುಬೆಯ ಆಕಾರ ಮೂಡುತ್ತದೆಂಬ ವದಂತಿಯನ್ನು ಹಿಡಿದು ತಂಡ ಹೊರಟಿತ್ತು. ಹೇಡನ್ ಆ ಬೆಟ್ಟವನ್ನೇ ಹತ್ತಿದ. ಜಾಕ್ಸನ್ ಇಬ್ಬರು ಸಹಾಯಕರ ಹೆಗಲಿಗೂ ತನ್ನ ಹೆಗಲಿಗೂ ಕ್ಯಾಮೆರಾ, ಗಾಜು, ರಸಾಯನಗಳನ್ನು ಹೇರಿ ಎದುರಿನ ಬೆಟ್ಟ ಹತ್ತಿದ. ನೆತ್ತಿ ತಲುಪುವಾಗ ಮೋಡ ಮುಸುಕಿತ್ತು. ಒಂದು ಗಳಿಗೆ ತೆರೆ ಸರಿದು ಶಿಲುಬೆ ಕಂಡಿತು, ಆದರೆ ಚಿತ್ರಕ್ಕೆ ಬೇಕಾದ ಬೆಳಕು ಉಳಿದಿರಲಿಲ್ಲ. ಮರಗಳ ಎಲ್ಲೆಯವರೆಗೆ ಇಳಿದು, ಊಟವಿಲ್ಲದೆ, ಹೊದಿಕೆಯಿಲ್ಲದೆ ಬೆಂಕಿಯ ಪಕ್ಕ ರಾತ್ರಿ ಕಳೆದು, ಬೆಳಿಗ್ಗೆ ಮತ್ತೆ ಹತ್ತಿದರು. ಫಲಕ ತೊಳೆಯಲು ನೀರಿಲ್ಲ, ಎಲ್ಲ ಹೆಪ್ಪುಗಟ್ಟಿದೆ. ಬಿಸಿಲು ಏರಿ ಹಿಮ ಕರಗುವುದನ್ನು ಕಾಯುತ್ತ ಕುಳಿತು ಕೊನೆಗೂ ಚಿತ್ರ ತೆಗೆದರು. ನೆಲವನ್ನು ದೇವರೇ ತಮಗೆ ಬರೆದುಕೊಟ್ಟಿದ್ದಾನೆ ಎಂದು ನಂಬಿದ್ದ ಒಂದು ಸಮಾಜಕ್ಕೆ ಇದಕ್ಕಿಂತ ಬೇಕಾದ ಚಿತ್ರ ಇರಲಿಲ್ಲ. ಅದು ಮನೆಮನೆಯ ಗೋಡೆ ಸೇರಿತು. ಮೊರಾನ್ ಅದೇ ಬೆಟ್ಟವನ್ನು ಬರೆದು ಮುಂದೆ ಒಂದು ಜಲಪಾತವನ್ನೂ ಇಳಿಸಿದ. ಆ ಜಲಪಾತದ ಬಳಿ ನಿಂತರೆ ಶಿಲುಬೆ ಕಾಣುವುದೇ ಇಲ್ಲ, ಅದು ಬೇರೆ ಮಾತು. ಬೆಂಕಿ ಅನಾಹುತದಲ್ಲಿ ಹೆಂಡತಿಯನ್ನು ಕಳೆದುಕೊಂಡಿದ್ದ ಕವಿ ಲಾಂಗ್‌ಫೆಲೊ 1879ರಲ್ಲಿ ಹಿಮದ ಶಿಲುಬೆಯನ್ನು ನೆನೆದು ಒಂದು ಸಾನೆಟ್ ಬರೆದಿಟ್ಟ. 1929ರಲ್ಲಿ ಸರ್ಕಾರ ಬೆಟ್ಟವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ಶಿಲುಬೆಯ ಬಲತೋಳಿನ ಬಂಡೆ ಕುಸಿಯುತ್ತ ಬಂತು, ಯಾತ್ರಿಕರು ವಿರಳವಾದರು, 1950ರಲ್ಲಿ ಆ ಪಟ್ಟವೂ ಹೋಯಿತು.

ಮುಂದಿನ ವರ್ಷ, 1874ರಲ್ಲಿ, ಜಾಕ್ಸನ್ ಮಾಂಕೋಸ್ ಕಣಿವೆಯ ಬಂಡೆಗಳ ಸಂದಿಯಲ್ಲಿ ಕಟ್ಟಿದ್ದ ಪ್ರಾಚೀನ ಮನೆಗಳನ್ನು ಕಂಡು ಚಿತ್ರ ತೆಗೆದ. ಮೇಸಾ ವರ್ಡೆ ಎಂದು ಈಗ ಜಗತ್ತಿಗೆ ಗೊತ್ತಿರುವ ಸೀಮೆ ಅದು. ಅಲ್ಲಿನ ಅತಿ ದೊಡ್ಡ ಬಂಡೆವಸತಿ ಮಾತ್ರ ಆತನ ಕಣ್ಣಿಗೆ ಬೀಳಲಿಲ್ಲ. 1875ರಲ್ಲಿ ಇಪ್ಪತ್ತಕ್ಕೆ ಇಪ್ಪತ್ನಾಲ್ಕು ಅಂಗುಲದ ಗಾಜಿನ ಫಲಕಗಳನ್ನು, ಅಂದರೆ ಕಿಟಕಿಯ ಬಾಗಿಲಿನಷ್ಟು ಗಾಜನ್ನು, ಸಾನ್ ವಾನ್ ಬೆಟ್ಟಗಳ ಮೇಲಕ್ಕೆ ಸಾಗಿಸಿದ. 1876ರಲ್ಲಿ ದೇಶಕ್ಕೆ ನೂರು ತುಂಬಿದಾಗ ಫಿಲಡೆಲ್ಫಿಯಾದ ಮಹಾ ಪ್ರದರ್ಶನದಲ್ಲಿ ಜಾಕ್ಸನ್‌ನ ಚಿತ್ರಗಳ ಜೊತೆ ಆ ಬಂಡೆಮನೆಗಳ ಮಣ್ಣಿನ ಮಾದರಿಗಳನ್ನೂ ಇಟ್ಟಿದ್ದರು. ಆ ಬೇಸಿಗೆಯಲ್ಲೇ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಲಕೋಟ ಮತ್ತು ಷಾಯನ್ ಯೋಧರು ಸೇನಾಧಿಕಾರಿ ಕಸ್ಟರ್‌ನ ತುಕಡಿಯನ್ನು ಮುಗಿಸಿದ ಸುದ್ದಿ ಬಂದು ಜಾತ್ರೆಯ ಸಡಗರಕ್ಕೆ ತಣ್ಣೀರು ಸುರಿಯಿತು. ಮರುವರ್ಷ ಚಾಕೊ ಕಣಿವೆಗೆ ಹೋದಾಗ ಜಾಕ್ಸನ್ ಗಾಜು ಬಿಟ್ಟು ಹೊಸದಾಗಿ ಬಂದಿದ್ದ ಒಣ ಫಿಲ್ಮನ್ನು ನಂಬಿಕೊಂಡ. ಹಗುರ, ರಗಳೆಯಿಲ್ಲ, ಊರಿಗೆ ಬಂದು ತೊಳೆದರಾಯಿತು. ವಾಷಿಂಗ್ಟನ್ನಿಗೆ ಬಂದು ತೊಳೆದರೆ ಸುಮಾರು 400 ಚಿತ್ರಗಳಲ್ಲಿ ಒಂದೂ ಮೂಡಲಿಲ್ಲ. ಆ ಕಣಿವೆಯ ಬಂಡೆಯಲ್ಲಿ ಕಡಿದ ಪ್ರಾಚೀನ ಮೆಟ್ಟಿಲಿಗೆ ಇಂದು ಆತನ ಹೆಸರಿದೆ. ಸರ್ವೆ ವರ್ಷಗಳ ಇನ್ನೊಂದು ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಾಷಿಂಗ್ಟನ್ನಿಗೆ ಮಾತುಕತೆಗೆಂದು ಬಂದ ಮೂಲನಿವಾಸಿ ನಾಯಕರ ಭಾವಚಿತ್ರಗಳನ್ನೂ ತನ್ನ ಹಾಗೂ ಇತರರ ಹಳೆಯ ನೆಗೆಟಿವ್‌ಗಳನ್ನೂ ಸೇರಿಸಿ 1877ರಲ್ಲಿ ಆತ ಸಿದ್ಧಪಡಿಸಿದ ವಿವರಪಟ್ಟಿಯಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರಗಳಿವೆ. ಒಪ್ಪಂದಗಳು ಮುರಿಯುತ್ತಿದ್ದಾಗ ಮುಖಗಳಿಗೆ ಕ್ರಮಸಂಖ್ಯೆ ಬೀಳುತ್ತಿತ್ತು. ಆದರೂ ಆ ಪಟ್ಟಿಯಲ್ಲಿ ಬಹುಪಾಲು ಜನರಿಗೆ ಹೆಸರಿದೆ, ಬುಡಕಟ್ಟಿದೆ, ಅಲ್ಪಸ್ವಲ್ಪ ವೃತ್ತಾಂತವಿದೆ. ಎಷ್ಟೋ ಕುಟುಂಬಗಳಿಗೆ ತಮ್ಮ ಹಿರಿಯರ ಮುಖ ಕಾಣಲು ಉಳಿದ ದಾರಿ ಅದೊಂದೇ.

ಸರ್ಕಾರಿ ಸರ್ವೆ ನಿಂತ ಮೇಲೆ 1879ರಲ್ಲಿ ಜಾಕ್ಸನ್ ಡೆನ್ವರ್ ನಗರದಲ್ಲಿ ಸ್ವಂತ ಸ್ಟುಡಿಯೊ ತೆರೆದ. ಅಲ್ಲಿಂದ ದಾರಿಖರ್ಚು ಪೂರ್ತಿ ರೈಲ್ವೆಗಳದ್ದು. ಡೆನ್ವರ್ ಮತ್ತು ರಿಯೊ ಗ್ರಾಂಡೆ ಮಾರ್ಗದ ಹಳಿಗಳು ಬೆಟ್ಟ ಬಗೆದು ಎಲ್ಲೆಲ್ಲಿ ಹೋದವೋ ಅಲ್ಲೆಲ್ಲ ಆತನಿಗೆ ವಿಶೇಷ ಬೋಗಿ, ಬೇಕೆಂದಲ್ಲಿ ನಿಲ್ಲುವ ಇಂಜಿನ್. ಹತ್ತು ವರ್ಷ ಹಿಂದೆ ಹಿಮದಲ್ಲಿ ಹಸಿದು ಮಲಗಿದ್ದವನು ಈಗ ಬೋಗಿಯ ಮೆತ್ತೆಯ ಮೇಲೆ ಕುಳಿತು ಹೋಗುತ್ತಿದ್ದ. ಚಿತ್ರಗಳೂ ಬದಲಾದವು. ಸರ್ವೆಯ ಚಿತ್ರದಲ್ಲಿ ಕಣ್ಣು ಮೊದಲು ಹೋಗುವುದು ಬಂಡೆಯ ಕಡೆಗೆ. ಡೆನ್ವರ್ ಕಾಲದ ಚಿತ್ರದಲ್ಲಿ ಕಣಿವೆ ಎಷ್ಟೇ ಆಳವಿರಲಿ, ಅದರ ತಳದಲ್ಲಿ ಹೊಗೆ ಬಿಡುತ್ತ ಪುಟ್ಟದೊಂದು ರೈಲು ನಿಂತಿರುತ್ತದೆ, ಭಯಪಡಬೇಡಿ, ಇಲ್ಲಿಗೂ ಟಿಕೆಟ್ ಸಿಗುತ್ತದೆ ಎನ್ನುವಂತೆ. ಕಸುಬಿನ ದೃಷ್ಟಿಯಿಂದ ಅವು ಕಳಪೆಯಲ್ಲ, ಕೆಲವು ಬೆರಗು ಹುಟ್ಟಿಸುತ್ತವೆ. ಆದರೆ ಕಾಣದ್ದನ್ನು ಕಂಡವನ ಉದ್ವೇಗ ಅವುಗಳಲ್ಲಿ ಇಳಿಮುಖವಾಗಿದೆ ಎಂಬುದು ನಮ್ಮ ಎಣಿಕೆ. ಆ ಹತ್ತು ಹದಿನೈದು ವರ್ಷಗಳಲ್ಲಿ ಬಯಲಿನ ಬೈಸನ್ ಹಿಂಡುಗಳು ನಿರ್ನಾಮವಾಗುವ ಹಂತಕ್ಕೆ ಬಂದವು. ಕೊಲರಾಡೊದ ಪಶ್ಚಿಮ ಭಾಗದಿಂದ ಯೂಟ್ ಜನರನ್ನು 1881ರಲ್ಲಿ ಯೂಟಾಕ್ಕೆ ಸಾಗಹಾಕಿದರು. ರೈಲು ಅಲ್ಲಿಗೂ ಹೋಯಿತು, ಅದರ ಹಿಂದೆ ಜಾಕ್ಸನ್ನೂ ಹೋದ. 1888ರಲ್ಲಿ ಈಸ್ಟ್‌ಮನ್‌ನ ಕೊಡಕ್ ಬಂದ ಮೇಲೆ ಪ್ರವಾಸಿಗನೇ ಗುಂಡಿ ಒತ್ತಿ ತನ್ನ ಚಿತ್ರ ತಾನೇ ತೆಗೆದುಕೊಳ್ಳತೊಡಗಿದ. ಆ ಪ್ರವಾಸಿಗನನ್ನು ಅಲ್ಲಿಗೆ ಎಳೆದು ತಂದವರಲ್ಲಿ ಜಾಕ್ಸನ್ನೂ ಒಬ್ಬ.

1893ರ ಆರ್ಥಿಕ ಕುಸಿತದಲ್ಲಿ ಬೆಳ್ಳಿಯನ್ನೇ ನಂಬಿದ್ದ ಡೆನ್ವರ್ ನೆಲಕಚ್ಚಿತು, ಸ್ಟುಡಿಯೊದ ವ್ಯಾಪಾರವೂ ಕುಗ್ಗಿತು. ಅದೇ ವರ್ಷ ಷಿಕಾಗೊದ ವಿಶ್ವಮೇಳದ ಬಿಳಿ ಅರಮನೆಗಳನ್ನು ಚಿತ್ರಿಸುವ ಕೆಲಸ ಸಿಕ್ಕಿತ್ತು. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನದಿಂದ ನಾವು ನೆನಪಿಟ್ಟುಕೊಂಡಿರುವ ಮೇಳವೇ ಅದು. ಮೇಳ ಮುಗಿದ ಮೇಲೆ ಬಾಲ್ಟಿಮೋರ್ ಮತ್ತು ಓಹಿಯೊ ರೈಲ್ವೆಯ ಪ್ರಚಾರಕ ಜೋಸೆಫ್ ಪ್ಯಾಂಗ್‌ಬಾರ್ನ್ ಜಗತ್ತಿನ ಸಾರಿಗೆಯನ್ನೆಲ್ಲ ಅಧ್ಯಯನ ಮಾಡುವ ಆಯೋಗವೊಂದನ್ನು ಕಟ್ಟಿದ, ಜಾಕ್ಸನ್ ಅದರ ಛಾಯಾಗ್ರಾಹಕನಾದ. ಹೆಂಡತಿಯನ್ನು ಡೆನ್ವರ್‌ನಲ್ಲಿ ಬಿಟ್ಟು 1894ರಲ್ಲಿ ಹೊರಟವನು ಉತ್ತರ ಆಫ್ರಿಕ, ಭಾರತ, ಸಿಂಹಳ, ಬರ್ಮಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಚೀನಾ, ಕೊರಿಯಾ, ಜಪಾನ್ ಸುತ್ತಿ, ಚಳಿಗಾಲದ ಸೈಬೀರಿಯಾವನ್ನು ಜಾರುಬಂಡಿಯಲ್ಲಿ ದಾಟಿ 1896ರಲ್ಲಿ ಊರು ಸೇರಿದ. ಚಿತ್ರಗಳು ಹಾರ್ಪರ್ಸ್ ವೀಕ್ಲಿ ಪತ್ರಿಕೆಯಲ್ಲಿ ಅಚ್ಚಾದವು. ಹೀಗೆ ಅಮೆರಿಕದ ಪಶ್ಚಿಮವನ್ನು ರೂಪಿಸಿದ ಕಣ್ಣು ಒಮ್ಮೆ ನಮ್ಮ ನೆಲದ ಮೇಲೂ ಹಾದುಹೋಯಿತು. ಆದರೆ ಆಯೋಗಕ್ಕೆ ಬೇಕಿದ್ದದ್ದು ಹಳಿ, ಇಂಜಿನ್ನು, ಸೇತುವೆ, ಮತ್ತು ಅವುಗಳ ಪಕ್ಕದಲ್ಲಿಟ್ಟು ಹೋಲಿಸಲು ಎತ್ತಿನ ಗಾಡಿ, ಪಲ್ಲಕ್ಕಿ, ಆನೆ, ಹೆಗಲು. ಹಿಂದೆ ಉಳಿದವರು ಮತ್ತು ಮುಂದೆ ಬಂದವರು ಎಂಬ ಕೋಷ್ಟಕ ಹೊರಡುವ ಮೊದಲೇ ಸಿದ್ಧವಾಗಿತ್ತು. ಚಿತ್ರಗಳು ಅದನ್ನು ತುಂಬಿದವು.

ಊರಿಗೆ ಬಂದರೆ ಸಾಲ ಕಾಯುತ್ತಿತ್ತು. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದ ಫೋಟೋಕ್ರೋಮ್ ಎಂಬ ಮುದ್ರಣ ವಿದ್ಯೆಯನ್ನು ಅಮೆರಿಕಕ್ಕೆ ತಂದ ಡೆಟ್ರಾಯಿಟ್‌ನ ಕಂಪನಿಯೊಂದು ಆತನನ್ನು ಪಾಲುದಾರನಾಗಿ ಸೇರಿಸಿಕೊಂಡಿತು. ಸುಮಾರು 10,000 ನೆಗೆಟಿವ್‌ಗಳು ಅವನ ಜೊತೆಯಲ್ಲೇ ಕಂಪನಿಯ ವಶಕ್ಕೆ ಹೋದವು. ಕಪ್ಪು ಬಿಳುಪಿನ ಚಿತ್ರವನ್ನು ಕಲ್ಲಚ್ಚಿಗೆ ಇಳಿಸಿ, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿ, ನಿಜದ ಬಣ್ಣವೆಂಬಂತೆ ಅಚ್ಚು ಹಾಕುವ ಕ್ರಮ ಅದು. 1898ರಲ್ಲಿ ಖಾಸಗಿ ಪೋಸ್ಟ್ ಕಾರ್ಡುಗಳ ಅಂಚೆ ದರವನ್ನು ಸಂಸತ್ತು ಒಂದು ಸೆಂಟಿಗೆ ಇಳಿಸಿತು. ಕಂಪನಿಗೆ ಸುಗ್ಗಿ ಬಂತು. ವೈಭವದ ದಿನಗಳಲ್ಲಿ ವರ್ಷಕ್ಕೆ 70 ಲಕ್ಷ ಪ್ರತಿಗಳು ಹೊರಬೀಳುತ್ತಿದ್ದವು. ರೈಲುಬೋಗಿಯನ್ನೇ ಕತ್ತಲೆಕೋಣೆ ಮತ್ತು ಪ್ರದರ್ಶನ ಕೊಠಡಿಯಾಗಿ ಮಾಡಿಕೊಂಡು ಜಾಕ್ಸನ್ ಒಂದಿಷ್ಟು ಕಾಲ ತಿರುಗಿದ. ಬಳಿಕ ಕಾರ್ಖಾನೆಯ ಮೇಲ್ವಿಚಾರಣೆ ಹೆಗಲೇರಿ ಮೇಜಿಗೆ ಕಟ್ಟಿಬಿದ್ದ. ಒಮ್ಮೆ ಒಬ್ಬನೇ ಹತ್ತಿ ಒಬ್ಬನೇ ಕಂಡ ಬೆಟ್ಟ ಈಗ ಒಂದು ಸೆಂಟಿನ ಅಂಚೆಯಲ್ಲಿ ಊರೂರಿಗೆ ಹೋಗುತ್ತಿತ್ತು, ಅದರ ಆಕಾಶದ ನೀಲಿಯನ್ನು ಅಲ್ಲಿಗೆ ಹೋಗಿರದ ಅಚ್ಚುಗಾರನೊಬ್ಬ ಆರಿಸಿರುತ್ತಿದ್ದ. ಅಗ್ಗದ ಮುದ್ರಣ ಬಂತು, ಮಹಾಯುದ್ಧ ಬಂತು, 1924ರಲ್ಲಿ ಕಂಪನಿ ದಿವಾಳಿಯ ಬಾಗಿಲಿಗೆ ಬಂತು. ಜಾಕ್ಸನ್‌ಗೆ ಆಗ 81.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಓರಗೆಯವರ ಕಥೆ ಇದಕ್ಕಿಂತ ಎಷ್ಟೋ ಮೊದಲೇ ಮುಗಿದಿತ್ತು. ಅಂತರ್ಯುದ್ಧದ ಹೆಣಗಳನ್ನೂ ನೆವಾಡದ ಮರಳುದಿನ್ನೆಗಳನ್ನೂ ಚಿತ್ರಿಸಿದ ತಿಮೊಥಿ ಓಸಲಿವನ್ 1882ರಲ್ಲಿ ನಲವತ್ತರ ಆಸುಪಾಸಿನಲ್ಲೇ ಕ್ಷಯದಿಂದ ಸತ್ತ. ಯೊಸೆಮಿಟಿಯ ಬಂಡೆಗಳನ್ನು ಜಗತ್ತಿಗೆ ತೋರಿಸಿದ ಕಾರ್ಲ್‌ಟನ್ ವಾಟ್ಕಿನ್ಸ್ ಮೊದಲು ಸಾಲಗಾರರಿಗೆ ತನ್ನ ನೆಗೆಟಿವ್‌ಗಳನ್ನು ಕಳೆದುಕೊಂಡ, ಉಳಿಸಿಕೊಂಡದ್ದನ್ನು 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ಬೆಂಕಿ ನುಂಗಿತು. 1916ರಲ್ಲಿ ಮಾನಸಿಕ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. ಕಲಾವಿದನಾಗಿ ವಾಟ್ಕಿನ್ಸ್ ಜಾಕ್ಸನ್‌ಗಿಂತ ಒಂದು ಗೇಣು ಎತ್ತರ ಎಂದು ನಮಗನ್ನಿಸುತ್ತದೆ. ಆದರೆ ಸರಿಯಾದ ಹೊತ್ತಿಗೆ ಸರಿಯಾದ ಧಣಿಯನ್ನು ಹುಡುಕಿಕೊಳ್ಳುವ ವಿದ್ಯೆ ಜಾಕ್ಸನ್‌ಗೆ ಒಲಿದಷ್ಟು ಯಾರಿಗೂ ಒಲಿಯಲಿಲ್ಲ. ಇಳಿವಯಸ್ಸಿನಲ್ಲಿ ಆತ ಮತ್ತೆ ಕುಂಚ ಹಿಡಿದ. ಬಂಡಿ ಹೊಡೆದ ದಿನಗಳ ರೇಖಾಚಿತ್ರಗಳನ್ನು ಮುಂದಿಟ್ಟುಕೊಂಡು ಬಯಲು, ಎತ್ತು, ಡೇರೆ, ಹೊಳೆ ದಾಟುವ ವಲಸೆಗಾರರನ್ನು ಬರೆದ. ವಲಸೆದಾರಿಗಳ ನೆನಪು ಕಾಯುವ ಸಂಘವೊಂದರ ಕಾರ್ಯದರ್ಶಿಯಾಗಿ ಸಂಬಳ ಪಡೆದ. 1930ರ ದಶಕದ ಮಹಾಕುಸಿತದಲ್ಲಿ ಕಲಾವಿದರಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆ ಬಂದಾಗ, ತೊಂಬತ್ತು ದಾಟಿದ್ದ ಆತನಿಗೆ ಒಳಾಡಳಿತ ಇಲಾಖೆಗಾಗಿ ಹಳೆಯ ಸರ್ವೆಗಳನ್ನು ಬರೆಯುವ ಕೆಲಸ ಸಿಕ್ಕಿತು. 1870ರಲ್ಲಿ ಸಂಬಳವಿಲ್ಲದೆ ಸೇರಿಸಿಕೊಂಡ ಸರ್ಕಾರ ಅರವತ್ತೈದು ವರ್ಷದ ಮೇಲೆ ಅದೇ ಪ್ರಯಾಣವನ್ನು ನೆನೆಸಿಕೊಳ್ಳುವುದಕ್ಕೆ ಸಂಬಳ ಕೊಟ್ಟಿತು. 1940ರಲ್ಲಿ ಆತ್ಮಕಥೆ ಬಂತು. ಹೇಳಿಕೊಂಡದ್ದು ಹೆಚ್ಚೂಕಡಿಮೆ ಎಲ್ಲವೂ ಗೆಲುವಿನ ಕಥೆ, ತಪ್ಪಿಸಿಕೊಂಡ ಗಂಡಾಂತರಗಳ ಕಥೆ. ಒಕ್ಕಲೆದ್ದವರ ಬಗ್ಗೆ ಅದರಲ್ಲಿ ಸಂಕಟ ಕಡಿಮೆ. ಆ ಕಾಲದವನಿಂದ ಅದನ್ನು ನಿರೀಕ್ಷಿಸಬಹುದೇ ಎಂದು ಕೇಳುವವರಿದ್ದಾರೆ. ಅದೇ ಕಾಲದಲ್ಲಿ, 1881ರಲ್ಲಿ, ಹೆಲೆನ್ ಹಂಟ್ ಜಾಕ್ಸನ್ ಎಂಬ ಲೇಖಕಿ ಮೂಲನಿವಾಸಿಗಳಿಗೆ ಆದ ಮೋಸವನ್ನು ಪುಸ್ತಕವಾಗಿ ಬರೆದು ತನ್ನ ಖರ್ಚಿನಲ್ಲೇ ಸಂಸದರಿಗೆ ಕಳಿಸಿದ್ದಳು. ಸಂಬಂಧಿಯಲ್ಲ, ಹೆಸರಷ್ಟೇ ಒಂದು.

ಜಾಕ್ಸನ್ ಸತ್ತ ಏಳು ವರ್ಷಕ್ಕೆ ಕಂಪನಿಯ ನೆಗೆಟಿವ್‌ಗಳು ಪಾಲಾದವು. ಮಿಸಿಸಿಪ್ಪಿಯ ಪಶ್ಚಿಮದ ಚಿತ್ರಗಳು ಕೊಲರಾಡೊದ ಇತಿಹಾಸ ಸಂಸ್ಥೆಗೆ, ಪೂರ್ವದವು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ. 1970ರ ದಶಕದ ಕೊನೆಗೆ ಮಾರ್ಕ್ ಕ್ಲೆಟ್ ಮತ್ತು ಗೆಳೆಯರು ಹಳೆಯ ಸರ್ವೆ ಚಿತ್ರಗಳನ್ನು ಹಿಡಿದು, ಅದೇ ಜಾಗ, ಅದೇ ಕೋನ, ಅದೇ ಹೊತ್ತಿನ ನೆರಳು ಹುಡುಕಿ ಮತ್ತೆ ಚಿತ್ರ ತೆಗೆದರು. ಆ ಮೇಲೆ ಜಾನ್ ಫೀಲ್ಡರ್ ಕೊಲರಾಡೊದಾದ್ಯಂತ ಜಾಕ್ಸನ್‌ನ ಹೆಜ್ಜೆ ಹಿಡಿದು ಹೋದ. ಬಂಡೆಗಳು ಬಹಳ ಬದಲಾಗಿಲ್ಲ, ಅವುಗಳ ಕಾಲಬುಡದಲ್ಲಿ ಹೆದ್ದಾರಿ, ರೆಸಾರ್ಟು. ಯೆಲ್ಲೋಸ್ಟೋನಿಗೆ ಈಗ ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಜನ ಹೋಗುತ್ತಾರೆ. ಅಲ್ಲಿನ ಬೈಸನ್ ಹಿಂಡು ಉಳಿದು ಬೆಳೆದಿದೆ. ಪಿಗನ್ ಜನರ ಹತ್ಯಾಕಾಂಡದಲ್ಲಿ ಪಾತ್ರ ವಹಿಸಿದ್ದ ಸೇನಾಧಿಕಾರಿ ಡೋನ್‌ನ ಹೆಸರಿದ್ದ ಶಿಖರವನ್ನು 2022ರಲ್ಲಿ ಮೊದಲ ಜನರ ಬೆಟ್ಟ ಎಂದು ಕರೆದದ್ದೂ ಅಲ್ಲೇ. ಆ ಜಾಗದಲ್ಲಿ ಜನರೇ ಇರಲಿಲ್ಲ ಎಂಬ ಹಳೆಯ ಕಥೆಯನ್ನು ಅಲ್ಲಗಳೆಯುವವರು ಮತ್ತೆ ಮತ್ತೆ ಮುಂದಿಡುವ ಒಂದು ಚಿತ್ರವಿದೆ. 1871ರಲ್ಲಿ ಐಡಾಹೊದ ಹೊಳೆಯೊಂದರ ಬಳಿ, ಗಳು ಹುಲ್ಲುಗಳ ಗುಡಿಸಲ ಮುಂದೆ ಕೂತ ಟುಕುಡಿಕ ಕುಟುಂಬದ್ದು. ಅದೇ ಬೇಸಿಗೆಯಲ್ಲಿ, ಅದೇ ಖರ್ಚಿನಲ್ಲಿ ಅದನ್ನು ತೆಗೆದವನೂ ಜಾಕ್ಸನ್ನೇ. ಸಂಸತ್ತನ್ನು ಒಲಿಸಿದ ಚಿತ್ರ ಅದಲ್ಲ.

ಸಾರಿಗೆ ಆಯೋಗದ 900ರಷ್ಟು ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಕುಳಿತಲ್ಲೇ ತೆರೆದು ನೋಡಬಹುದು. ಭಾರತದ ಚಿತ್ರಗಳಲ್ಲಿ ವಾಹನಗಳ ಪರಿಚಯವಿದೆ, ಹೊತ್ತವರದ್ದು ಕಡಿಮೆ. ಯಾವ ಊರ ರಸ್ತೆ, ಯಾವ ಕಸುಬಿನ ಜನ, ತಲೆಗೆ ಸುತ್ತಿದ ಬಟ್ಟೆ ಯಾವ ಸೀಮೆಯದು ಎಂದು ಗುರುತಿಸಬಲ್ಲ ಕಣ್ಣುಗಳು ಇರುವುದು ಇಲ್ಲಿ, ಅಲ್ಲಲ್ಲ. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಒಂದು ಬೇಸಿಗೆ ರಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಅದು, ಈ ಸಲ ಖರ್ಚೂ ಹೆಚ್ಚಿಲ್ಲ.